ಹಳೆಯ ಫೋಟೋ ಪ್ಲೇಟುಗಳಿಂದ ಕ್ಷುದ್ರಗ್ರಹದ ಕಕ್ಷೆ ನಿಖರವಾಗುವುದು ಹೇಗೆ?

ಕ್ಷುದ್ರಗ್ರಹ ಹಿಂದೆ ಎಲ್ಲಿತ್ತು ಅಂತ ಗೊತ್ತಾದರೆ, ಮುಂದೆ ಎಲ್ಲಿರುತ್ತದೆ ಅನ್ನುವ ಲೆಕ್ಕ ಗಟ್ಟಿಯಾಗುತ್ತದೆ. ಹಳೆಯ ಪ್ಲೇಟು ಕೊಡುವುದು ಅದನ್ನೇ.

ಹೊಸದಾಗಿ ಸಿಕ್ಕ ಕ್ಷುದ್ರಗ್ರಹವನ್ನು ನಾವು ನೋಡಿರುವುದು ಕೆಲವೇ ವಾರ. ಅಷ್ಟರಿಂದಲೇ ಇಡೀ ಕಕ್ಷೆ ಎಳೆಯಬೇಕು. ಪಕ್ಕಪಕ್ಕದ ಎರಡು ಚುಕ್ಕಿ ಸೇರಿಸಿ ಉದ್ದ ಗೆರೆ ಎಳೆದು ನೋಡಿ. ಪೆನ್ಸಿಲ್ ಕೂದಲೆಳೆಯಷ್ಟು ಸರಿದರೂ ಗೆರೆಯ ತುದಿ ಎಲ್ಲೋ ಹೋಗಿರುತ್ತದೆ, ಅಲ್ವಾ? ಚುಕ್ಕಿಗಳು ದೂರದೂರ ಇದ್ದರೆ ತುದಿ ಅಷ್ಟು ಅಲುಗಾಡುವುದಿಲ್ಲ. ವರ್ಷಗಳ ಹಿಂದಿನ ಚಿತ್ರವೇ ಆ ದೂರದ ಚುಕ್ಕಿ.

ಪ್ಲೇಟು ಅಂದರೆ ಬೆಳಕಿಗೆ ಸ್ಪಂದಿಸುವ ಲೇಪ ಬಳಿದ ಗಾಜು. ದೂರದರ್ಶಕ ನಕ್ಷತ್ರಗಳ ಜೊತೆಗೇ ತಿರುಗುತ್ತಾ ಬಹಳ ಹೊತ್ತು ಬೆಳಕು ಹಿಡಿಯುತ್ತಿತ್ತು. ಹಾಗಾಗಿ ನಕ್ಷತ್ರಗಳು ಚುಕ್ಕಿಯಾಗಿ ಮೂಡಿರುತ್ತವೆ, ನಡುವೆ ಸರಿದುಹೋದ ಕ್ಷುದ್ರಗ್ರಹ ಮಾತ್ರ ಸಣ್ಣ ಗೀರು. ಕಕ್ಷೆಯನ್ನು ಹಿಂದಕ್ಕೆ ಲೆಕ್ಕಹಾಕಿ, ಅದರ ಚಿತ್ರ ಮೂಡಿರಬಹುದಾದ ಪ್ಲೇಟು ಹುಡುಕಿ, ಗೀರಿನ ತುದಿಗಳನ್ನು ಸುತ್ತಲಿನ ನಕ್ಷತ್ರಗಳಿಂದ ಅಳೆಯುತ್ತಾರೆ. ಅವತ್ತು ಬರೆದಿಟ್ಟ ಸಮಯವೂ ಸರಿ ಇರಬೇಕು. ವೇಗವಾಗಿ ಓಡುವ ಕಲ್ಲಾದರೆ ಒಂದು ನಿಮಿಷದ ತಪ್ಪೂ ಜಾಸ್ತಿಯೇ.

ನನಗೆ ತುಂಬ ಇಷ್ಟವಾದ ಉದಾಹರಣೆ 1997 ಎಕ್ಸ್‌ಎಫ್‌11 ಅನ್ನುವ ಕ್ಷುದ್ರಗ್ರಹ. ಇದು 2028ರಲ್ಲಿ ಭೂಮಿಯಿಂದ 50,000 ಕಿ.ಮೀ.ಗೂ ಹತ್ತಿರ ಹಾಯಬಹುದು ಅಂತ 1998ರ ಮಾರ್ಚ್‌ನಲ್ಲಿ ಸುದ್ದಿಯಾಯಿತು. ಮರುದಿನವೇ ಪಾಲೊಮಾರ್ ವೀಕ್ಷಣಾಲಯದ 1990ರ ಫಿಲ್ಮುಗಳಲ್ಲಿ ಅದರ ಗುರುತು ಸಿಕ್ಕಿತು. ಮತ್ತೆ ಲೆಕ್ಕ ಹಾಕಿದರೆ ದೂರ ಸುಮಾರು 9.6 ಲಕ್ಷ ಕಿ.ಮೀ., ಅಂದರೆ ಚಂದ್ರನ ದೂರದ ಎರಡೂವರೆ ಪಟ್ಟು!