ಒಂಬತ್ತು ಇಂಚಿನ ಗೋಡೆ: ಮನೆ ಕಟ್ಟಿಸುತ್ತಿದ್ದ ಕುಟುಂಬವೊಂದರ ಆಪ್ತಸಲಹೆ ಪ್ರಕರಣ

(ಗುರುತು ಸಿಗಬಾರದೆಂದು ವಯಸ್ಸು, ಅಳತೆ, ಮನೆಮಂದಿಯ ವಿವರಗಳನ್ನು ಬದಲಿಸಲಾಗಿದೆ. ಇಂಥದೇ ತೊಂದರೆ ಹೇಳಿಕೊಂಡು ಬಂದ ಬೇರೆ ಕುಟುಂಬಗಳ ಸಂಗತಿಗಳೂ ಇದರಲ್ಲಿ ಬೆರೆತಿವೆ.)

ಮೊದಲು ಬಂದವರು ಪತ್ನಿ, ಒಬ್ಬರೇ. ಬಂದ ಕಾರಣ ಬರೆಯುವ ಜಾಗದಲ್ಲಿ "ನಿದ್ದೆ ಬರುವುದಿಲ್ಲ" ಎಂದಷ್ಟೇ ಬರೆದಿದ್ದರು. ಕೂತು ಐದು ನಿಮಿಷವಾಗುವಷ್ಟರಲ್ಲಿ ಮಾತು ಅಡುಗೆಮನೆಯ ಗೋಡೆಗೆ ಬಂತು. ಹೊಸ ಮನೆ ಲಿಂಟಲ್ ಮಟ್ಟಕ್ಕೆ, ಅಂದರೆ ಬಾಗಿಲು-ಕಿಟಕಿಗಳ ಮೇಲಂಚಿನವರೆಗೆ, ಎದ್ದು ನಿಂತಿದೆ. ನಕ್ಷೆಯಲ್ಲಿ ಅಡುಗೆಮನೆ 8 ಅಡಿ ಅಗಲ, ಕಟ್ಟಿರುವುದು 7 ಅಡಿ 3 ಇಂಚು. ಉಗ್ರಾಣ ಇನ್ನೊಂದಿಷ್ಟು ದೊಡ್ಡದಿರಲಿ ಎಂದು ಮಾವ ಮೇಸ್ತ್ರಿಗೆ ಹೇಳಿ ನಡುವಿನ ಗೋಡೆಯನ್ನು ಒಂಬತ್ತು ಇಂಚು ಈಚೆಗೆ ತರಿಸಿದ್ದಾರೆ. ಮಗನಿಗೆ ಫೋನ್ ಮಾಡಿ ಕೇಳಿಯೂ ಇದ್ದಾರೆ. ಮಗ ಕೆಲಸದ ಗಡಿಬಿಡಿಯಲ್ಲಿ "ಆಗಲಿ ಬಿಡಿ ಅಪ್ಪ" ಅಂದುಬಿಟ್ಟಿದ್ದಾರೆ. ಈಕೆಗೆ ವಿಷಯ ತಿಳಿದದ್ದು ಹನ್ನೊಂದು ದಿನದ ಮೇಲೆ. ಟೇಪು ಹಿಡಿದು ಅಡುಗೆ ಕಟ್ಟೆಯ ಅಳತೆ ತೆಗೆಯಲು ಹೋದಾಗ ಮೇಸ್ತ್ರಿಯೇ "ನಿಮಗೆ ಹೇಳಿಲ್ವಾ ಅಕ್ಕ?" ಎಂದು ಕೇಳಿದನಂತೆ.

ಅಳತೆಯ ವಿಷಯದಲ್ಲಿ ಆಕೆ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಎರಡೂ ಕಡೆ 2 ಅಡಿ ಅಗಲದ ಕಟ್ಟೆ ಹಾಕಿದರೆ ನಡುವೆ ಓಡಾಡಲು 4 ಅಡಿ ಸಿಗಬೇಕಿತ್ತು, ಈಗ ಸಿಗುವುದು 3 ಅಡಿ 3 ಇಂಚು. ಫ್ರಿಜ್ ಕಟ್ಟೆಗಿಂತ ಮೂರು ಇಂಚು ಮುಂದೆ ಚಾಚುತ್ತದೆ, ಅದರ ಬಾಗಿಲು ತೆರೆದರೆ ಇನ್ನೂ 2 ಅಡಿ ಹೋಗುತ್ತದೆ. ಉಳಿಯುವುದು ಒಂದೇ ಅಡಿ. ಎದುರು ಕಟ್ಟೆಯಲ್ಲಿ ನಿಂತವರು ಪ್ರತಿಸಲವೂ ಪಕ್ಕಕ್ಕೆ ಸರಿಯಬೇಕು. ಆದರೂ ಒಂದು ಗಂಟೆಯ ಮಾತಿನಲ್ಲಿ ಆಕೆ ಅಡುಗೆಮನೆಯ ಅಗಲವನ್ನು ಎತ್ತಿದ್ದು ಎರಡು ಸಲ, "ಮೇಸ್ತ್ರಿಯಿಂದ ಗೊತ್ತಾಯಿತು" ಎಂದದ್ದು ಏಳು ಸಲ. ಟಿಪ್ಪಣಿಯಲ್ಲಿ ಅಡಿಗೆರೆ ಬಿದ್ದದ್ದು ಈ ಎರಡನೆಯ ಮಾತಿಗೆ.

ಮನೆ, ಗೋಡೆ ಎಂಬ ಮಾತಿಗೆ ಇಳಿಯುವ ಮುಂಚೆ ಕೇಳಲೇಬೇಕಾದ ಕೆಲವು ಪ್ರಶ್ನೆಗಳಿವೆ: ಮನೆಯಲ್ಲಿ ಕೈ ಎತ್ತುವುದುಂಟೇ, ಕುಡಿತ ಹೆಚ್ಚಿದೆಯೇ, ಸಾಯಬೇಕು ಅನ್ನಿಸಿದೆಯೇ, ಸಾಲ ಎಷ್ಟಿದೆ. ಮೊದಲ ಮೂರಕ್ಕೂ ಇಲ್ಲ ಎಂದರು. ಸಾಲದ ಲೆಕ್ಕ "ಅವರಿಗೇ ಗೊತ್ತು" ಎಂದರು. ರಾತ್ರಿ ಮೂರಕ್ಕೆ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದೆ ಹತ್ತು ದಿನ ಕಳೆದಿತ್ತು. ಇನ್ನೂ ಎರಡು ವಾರ ಹೀಗೇ ಇದ್ದರೆ ವೈದ್ಯರನ್ನು ಕಾಣಬೇಕೆಂದು ಅಂದೇ ಹೇಳಲಾಯಿತು. ಆ ಅಗತ್ಯ ಬೀಳಲಿಲ್ಲ.

ಎರಡನೆಯ ಭೇಟಿಗೆ ಪತಿ ಒಬ್ಬರೇ ಬಂದರು. ಗೋಡೆ ಅವರಿಗೆ ದೊಡ್ಡ ಸಂಗತಿಯೇ ಆಗಿರಲಿಲ್ಲ. ಇಪ್ಪತ್ತು ನಿಮಿಷದ ಮೇಲೆ ನಿಜವಾದ ಭಾರ ಹೊರಬಂತು: ಖರ್ಚು ಅಂದಾಜಿಗಿಂತ ಶೇಕಡಾ 18ರಷ್ಟು ಮೇಲೆ ಹೋಗಿದೆ, ಬ್ಯಾಂಕಿನ ಸಾಲ ಸಾಲದೆ ಗೆಳೆಯನೊಬ್ಬನಿಂದ ಕೈಸಾಲ ತೆಗೆದಿದ್ದಾರೆ, ಹೆಂಡತಿಗೆ ಹೇಳಿಲ್ಲ. "ಹತ್ತು ತಿಂಗಳಲ್ಲಿ ಮುಗಿಸುತ್ತೇನೆ ಅಂತ ಎಲ್ಲರ ಮುಂದೆ ಹೇಳಿದ್ದೆ" ಎಂಬ ನಾಚಿಕೆ ಬೇರೆ.

ಈ ನಾಚಿಕೆಗೆ ಮೊದಲು ಸ್ವಲ್ಪ ಜಾಗ ಕೊಡಬೇಕಾಯಿತು. ಮುಗಿಯುವ ದಿನವನ್ನು ಕಡಿಮೆ ಅಂದಾಜು ಮಾಡುವುದು ಇವರೊಬ್ಬರ ದಡ್ಡತನವಲ್ಲ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1979ರಲ್ಲೇ ಇದಕ್ಕೆ 'ಪ್ಲಾನಿಂಗ್ ಫ್ಯಾಲಸಿ' (ಯೋಜನೆ ಹಾಕುವಾಗಿನ ಭ್ರಮೆ) ಎಂದು ಹೆಸರಿಟ್ಟಿದ್ದರು. 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಸರಾಸರಿ 34 ದಿನಕ್ಕೆ ಮುಗಿಯುತ್ತದೆ ಎಂದುಕೊಂಡಿದ್ದರು, ಹಿಡಿದದ್ದು ಸುಮಾರು 55 ದಿನ. ಒಬ್ಬರೇ ಕೂತು ಬರೆಯುವ ಪ್ರಬಂಧದ ಪಾಡೇ ಹೀಗಿದ್ದರೆ, ಗಾರೆಯವರು, ಕಬ್ಬಿಣ ಕಟ್ಟುವ ಬಾರ್ ಬೆಂಡರ್, ಪ್ಲಂಬರ್, ಎಲೆಕ್ಟ್ರಿಷಿಯನ್, ಬಡಗಿ ಎಲ್ಲ ಒಬ್ಬರಿಗೊಬ್ಬರು ಕಾಯಬೇಕಾದ ಕೆಲಸ ಹತ್ತು ತಿಂಗಳಿಗೆ ಮುಗಿಯದ್ದು ಆಶ್ಚರ್ಯವಲ್ಲ.

ಗುಟ್ಟಿನ ವಿಷಯದಲ್ಲಿ ಮಾತ್ರ ಸಡಿಲ ಬಿಡಲಿಲ್ಲ. ಒಬ್ಬರು ಹೇಳಿದ್ದನ್ನು ಆಪ್ತಸಲಹೆಗಾರರು ಇನ್ನೊಬ್ಬರಿಗೆ ದಾಟಿಸುವುದಿಲ್ಲ. ಹಾಗೆಂದು ಇಬ್ಬರನ್ನೂ ಕೂರಿಸಿ ಮಾತಾಡಿಸುವಾಗ ಆ ಗುಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಕೂರಲೂ ಆಗದು. ಎರಡು ವಾರದೊಳಗೆ ಅವರೇ ಹೇಳಬೇಕು, ಇಲ್ಲದಿದ್ದರೆ ಜಂಟಿ ಭೇಟಿ ಇಲ್ಲ ಎಂದು ತಿಳಿಸಲಾಯಿತು. ಹೇಗೆ ಹೇಳುವುದೆಂದು ಅಲ್ಲೇ ಮೂರು ಸಲ ಹೇಳಿಸಿ ನೋಡಿದೆವು. ಮೊದಲ ಸಲ "ನೀನು ಟೆನ್ಷನ್ ಮಾಡ್ಕೋತೀಯ ಅಂತ ಹೇಳಲಿಲ್ಲ" ಎಂದು ಶುರುಮಾಡಿದರು. ಅದು ತಪ್ಪನ್ನು ಆಕೆಯ ತಲೆಗೇ ಕಟ್ಟುವ ಮಾತು. ಮೂರನೆಯ ಸಲಕ್ಕೆ ಮೊತ್ತ, ಯಾರಿಂದ, ಯಾವಾಗ ತೆಗೆದದ್ದು, ಯಾವಾಗ ತೀರಿಸುವುದು, "ಹೇಳದೆ ಇದ್ದದ್ದು ತಪ್ಪು" ಎಂಬ ಐದೇ ಮಾತು ಉಳಿಯಿತು. ಹೇಳಿದ ರಾತ್ರಿ ದೊಡ್ಡ ಜಗಳವೇ ಆಯಿತು, ನಿಜ. ಆದರೆ ಮರುದಿನದಿಂದ ಜಗಳಕ್ಕೆ ಸರಿಯಾದ ವಿಷಯ ಸಿಕ್ಕಿತ್ತು.

ಮೂರನೆಯ ಭೇಟಿಯಲ್ಲಿ ಇಬ್ಬರೂ ಒಟ್ಟಿಗೆ ಕೂತರು. ಹಿಂದಿನ ವಾರ ಮನೆಯಲ್ಲಿ ಮಾಡಲೆಂದು ಕೊಟ್ಟ ಅಭ್ಯಾಸ ಕೆಟ್ಟಿತ್ತು, ಕೊಟ್ಟದ್ದೇ ತಪ್ಪು. ದಿನಾ ಅರ್ಧ ಗಂಟೆ ಮನೆಯ ಬಗ್ಗೆ ಮಾತಾಡಿ ಎಂದಿದ್ದೆವು. ಸೈಟಿಗೆ ಹೋಗಿಬಂದು, ಊಟ ಮುಗಿಸಿ, ರಾತ್ರಿ ಹತ್ತಕ್ಕೆ ಕೂತರೆ ಯಾರ ತಲೆಯೂ ನೆಟ್ಟಗಿರುವುದಿಲ್ಲ. ಅದನ್ನು ಬಿಟ್ಟು ವಾರಕ್ಕೆರಡೇ ಸಲ, ಬೆಳಗ್ಗೆ, ಮೇಜಿನ ಮುಂದೆ, ನಲವತ್ತು ನಿಮಿಷ ಎಂದು ಬದಲಿಸಿದೆವು. ಹಾಸಿಗೆಯಲ್ಲಿ ಟೈಲ್ಸ್ ಮಾತು ಬಂದ್. ದನಿ ಏರಿದರೆ ಯಾರಾದರೊಬ್ಬರು ಎದ್ದು ಇಪ್ಪತ್ತು ನಿಮಿಷ ಬಿಟ್ಟು ಬರಬೇಕು. ದಂಪತಿಗಳ ಜಗಳವನ್ನು ಪ್ರಯೋಗಾಲಯದಲ್ಲೇ ಅಳೆದ ಜಾನ್ ಗಾಟ್‌ಮನ್ ಹೇಳುವಂತೆ, ಎದೆಬಡಿತ ನಿಮಿಷಕ್ಕೆ 100 ದಾಟಿದ ಮೇಲೆ ಎದುರಿನವರ ಮಾತು ಕಿವಿಗೆ ಬಿದ್ದರೂ ಒಳಗಿಳಿಯುವುದಿಲ್ಲ, ಮೈ ತಣಿಯಲು ಕನಿಷ್ಠ ಅಷ್ಟು ಹೊತ್ತು ಬೇಕು.

ಈ ಕುಟುಂಬಕ್ಕೆ ಹೆಚ್ಚು ಉಪಯೋಗಕ್ಕೆ ಬಂದದ್ದು ಒಂದು ಪ್ರಶ್ನೆ: ಇದನ್ನು ಆಮೇಲೆ ಒಡೆಯದೆ ಬದಲಿಸಬಹುದೇ? ಬದಲಿಸಬಹುದಾದರೆ ಒಬ್ಬರೇ ತೀರ್ಮಾನಿಸಲಿ, ಇನ್ನೊಬ್ಬರು ತಕರಾರು ತೆಗೆಯುವಂತಿಲ್ಲ. ಒಡೆಯಲೇಬೇಕು ಎಂದಾದರೆ ಇಬ್ಬರ ಸಹಿ ಇಲ್ಲದೆ ಮೇಸ್ತ್ರಿಗೆ ಹೇಳುವ ಹಾಗಿಲ್ಲ. ಗೋಡೆಯ ಬಣ್ಣ, ದೀಪದ ಬುರುಡೆ, ಪರದೆ ಮೊದಲ ಗುಂಪಿಗೆ. ಅಚ್ಚರಿಯೆಂದರೆ ಅಲ್ಲಿಯವರೆಗೆ ಇವರ ಜಗಳಗಳಲ್ಲಿ ಹೆಚ್ಚಿನವು ಈ ಗುಂಪಿನವೇ. ಎರಡನೆಯ ಗುಂಪಿನ ವಿಷಯಗಳನ್ನು ಒಬ್ಬರೇ, ಅದೂ ಫೋನಿನಲ್ಲಿ, ಮುಗಿಸಿಬಿಟ್ಟಿದ್ದರು.

ಎರಡನೆಯ ಗುಂಪಿಗೆ ಗಡುವು ಬೇಕು. ಆ ಗಡುವು ತಾರೀಖಲ್ಲ, ಕೆಲಸದ ಹಂತ. ತಾರೀಖು ಹೇಗೂ ಜಾರುತ್ತದೆ. ಅವರು ತಮ್ಮ ಎಂಜಿನಿಯರನ್ನು ಕೂರಿಸಿಕೊಂಡು ಬರೆದ ಪಟ್ಟಿ ಹೀಗಿತ್ತು. ತಾರಸಿ ಕಾಂಕ್ರೀಟಿಗೆ ಮುಂಚೆ ತೀರ್ಮಾನವಾಗಬೇಕಾದದ್ದು: ಫ್ಯಾನ್ ಹುಕ್ಕುಗಳು, ದೀಪದ ಪಾಯಿಂಟುಗಳು ಮತ್ತು ವೈರಿನ ಪೈಪು ಸಾಗುವ ದಾರಿ, ಮೇಲಿನ ಬಾತ್‌ರೂಮಿಗೆ ಸ್ಲ್ಯಾಬ್ ಎಷ್ಟು ತಗ್ಗಬೇಕು, ಪೈಪು ಇಳಿಯುವ ತೂತುಗಳು, ನೀರಿನ ಟ್ಯಾಂಕ್ ಎಲ್ಲಿ ಕೂರುತ್ತದೆ (ಸಾವಿರ ಲೀಟರ್ ಎಂದರೆ ಒಂದು ಟನ್ ಭಾರ, ಎಲ್ಲೆಂದರಲ್ಲಿ ಇಡುವಂತಿಲ್ಲ). ಪ್ಲಾಸ್ಟರಿಗೆ ಮುಂಚೆ: ಸ್ವಿಚ್ ಬಾಕ್ಸುಗಳು, ಗೀಸರಿನ ಬಿಸಿನೀರಿನ ಪೈಪು, ಫ್ರಿಜ್ಜು, ಮಿಕ್ಸಿಯ ಪಾಯಿಂಟುಗಳು, ಮತ್ತು ಗೋಡೆಯೊಳಗಿನ ನೀರಿನ ಪೈಪುಗಳನ್ನು ಒತ್ತಡ ಕೊಟ್ಟು ಪರೀಕ್ಷಿಸುವುದು. ಟೈಲ್ಸಿಗೆ ಮುಂಚೆ: ಬಾತ್‌ರೂಮಿನಲ್ಲಿ ವಾಟರ್‌ಪ್ರೂಫಿಂಗ್ ಮುಗಿಸಿ, ನೀರು ಹೋಗುವ ಕಿಂಡಿ ಮುಚ್ಚಿ, 48 ಗಂಟೆ ನೀರು ನಿಲ್ಲಿಸಿ ಕೆಳಗೆ ತೇವ ಇಳಿಯಿತೇ ಎಂದು ನೋಡುವುದು. ಗಡುವಿಗೆ ತೀರ್ಮಾನ ಬರದಿದ್ದರೆ ಮೇಸ್ತ್ರಿ ತನಗೆ ತೋಚಿದಂತೆ ಮಾಡಿ ಮುಗಿಸುತ್ತಾನೆ. ಅದು ಅವನ ಕೊಬ್ಬಲ್ಲ. ಆರು ಜನರ ಕೂಲಿ ಓಡುತ್ತಿರುತ್ತದೆ.

ಮೇಸ್ತ್ರಿಗೆ ಹೇಳುವ ಬಾಯಿ ಒಂದೇ ಇರಬೇಕು ಎಂಬುದೂ ಆಗಲೇ ತೀರ್ಮಾನವಾಯಿತು. ಯಾರ ಬಾಯಿ ಎಂಬುದಕ್ಕೆ ಹದಿನೈದು ನಿಮಿಷ ಹಿಡಿಯಿತು. ಕೊನೆಗೆ ಪತ್ನಿ, ಏಕೆಂದರೆ ನಕ್ಷೆ ಓದಲು ಬರುವುದು ಆಕೆಗೆ. ಉಳಿದವರು ಹೇಳಬೇಕಾದ್ದನ್ನು ಸೈಟಿನ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಬದಲಾವಣೆ ಏನೇ ಇರಲಿ, ಏನು, ಎಷ್ಟು ಖರ್ಚು, ಎಷ್ಟು ದಿನ ಹೆಚ್ಚು ಎಂಬ ಮೂರನ್ನೂ ಕಾಂಟ್ರಾಕ್ಟರ್ ಬರೆದು ಸಹಿ ಹಾಕಿದ ಮೇಲೆಯೇ ಕೆಲಸ.

ಹಣದ ಹಾಳೆ ಒಂದೇ ಪುಟ: ಒಪ್ಪಿದ ಮೊತ್ತ, ಇದುವರೆಗಿನ ಬದಲಾವಣೆಗಳ ಮೊತ್ತ, ಕೊಟ್ಟದ್ದು, ಬಾಕಿ, ಕೈಸಾಲ. ಬರೆದು ನೋಡಿದಾಗ ಆ 18ರಲ್ಲಿ ಹತ್ತಿರ ಹತ್ತಿರ 11ರಷ್ಟು ಹಠದಿಂದ ಆದ ಖರ್ಚೇ ಅಲ್ಲ, ಒಪ್ಪಂದದಲ್ಲಿ ಮೊದಲಿಂದಲೂ ಸೇರದೇ ಇದ್ದದ್ದು: ಪ್ಲಿಂತ್ (ನೆಲಗಟ್ಟು) ಒಳಗೆ ತುಂಬಿಸಿದ ಮಣ್ಣು, ಸಂಪು, ಕಾಂಪೌಂಡು, ಹೊರಗಿನ ಚರಂಡಿ, ನೀರು-ಕರೆಂಟಿನ ಸಂಪರ್ಕ. ಚದರಡಿಗೆ ಇಷ್ಟು ಎಂದು ಮಾತಾಡುವಾಗ ಇವುಗಳನ್ನು ಯಾರೂ ಕೇಳುವುದಿಲ್ಲ. ತಿಂಗಳುಗಟ್ಟಲೆ ಒಬ್ಬರನ್ನೊಬ್ಬರು ದುಂದುಗಾರರು ಎಂದು ಬೈದುಕೊಂಡಿದ್ದವರು ಆ ಹಾಳೆ ನೋಡಿ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಕಾಂಟ್ರಾಕ್ಟರಿಗೆ ಮುಂದಿನ ಕಂತುಗಳನ್ನು ಮುಗಿದ ಕೆಲಸಕ್ಕೆ ಮಾತ್ರ ಕೊಡುವುದು, ಕೊನೆಯ ಶೇಕಡಾ 5ನ್ನು ಸಣ್ಣಪುಟ್ಟ ದುರಸ್ತಿ ಮುಗಿಯುವವರೆಗೆ ಹಿಡಿದಿಡುವುದು ಎಂದು ಮಾತಾಯಿತು.

ಮಾವ ಬಂದದ್ದು ನಾಲ್ಕನೆಯ ಭೇಟಿಗೆ, ಅದೂ ಬೇಸರದಲ್ಲೇ. 71 ವರ್ಷ. ಈಗಿರುವ ಮನೆಯನ್ನು ನಿಂತು ಕಟ್ಟಿಸಿದವರು. "ದಿನಾ ಬಿಸಿಲಲ್ಲಿ ಹೋಗಿ ನಿಲ್ಲೋದು ನಾನು. ನನ್ನ ಮಾತಿಗೆ ಒಂಬತ್ತು ಇಂಚಿನ ಬೆಲೆಯೂ ಇಲ್ವಾ?" ಎಂದರು. ಸೊಸೆಯ ನೋವೂ ಇದೇ, ಮಾತು ಬೇರೆ: ನನ್ನನ್ನು ಕೇಳಲಿಲ್ಲ. ಅದನ್ನು ಇಬ್ಬರಿಗೂ ಬಿಡಿಸಿ ಹೇಳುವ ಆಸೆಯಾದರೂ ಹೇಳಲಿಲ್ಲ. ಹಿರಿಯರ ಮುಂದೆ ಇಂಥ ವ್ಯಾಖ್ಯಾನ ಪಾಠದಂತೆ ಕೇಳಿಸುತ್ತದೆ. ಬದಲಿಗೆ, ದಿನವಿಡೀ ಅಲ್ಲಿರುವ ಒಬ್ಬರಿಂದ ಮಾತ್ರ ಆಗುವ ಕೆಲಸ ಯಾವುದು ಎಂದು ಎಲ್ಲರನ್ನೂ ಕೇಳಿದೆವು. ಕ್ಯೂರಿಂಗ್, ಅಂದರೆ ಹೊಸ ಕಾಂಕ್ರೀಟನ್ನು ಒಣಗಲು ಬಿಡದೆ ನೀರಿನಲ್ಲಿ ನೆನೆಸುವುದು, ಎಂದು ಮಾವನೇ ಹೇಳಿದರು.

ಹೆಸರಿಗೊಂದು ಕೆಲಸ ಕೊಟ್ಟು ಹಿರಿಯರನ್ನು ಮೂಲೆಗೆ ಕೂರಿಸುವ ಉಪಾಯ ಇದಾಗಿರಲಿಲ್ಲ. ಕಾಂಕ್ರೀಟ್ ಗಟ್ಟಿಯಾಗುವುದು ಒಣಗಿ ಅಲ್ಲ, ಸಿಮೆಂಟು ನೀರಿನೊಡನೆ ಕೂಡಿ. ಮೊದಲ ವಾರ ನೀರು ತಪ್ಪಿದರೆ ಆಮೇಲೆ ಎಷ್ಟು ಸುರಿದರೂ ಹೋದ ಬಲ ಪೂರ್ತಿ ಬರುವುದಿಲ್ಲ. ಕನಿಷ್ಠ 7 ದಿನ, ಬಿಸಿಲು ಜೋರಿದ್ದರೆ ಅಥವಾ ಹಾರುಬೂದಿ ಬೆರೆತ ಸಿಮೆಂಟಾದರೆ 10 ದಿನಕ್ಕೆ ಕಡಿಮೆಯಿಲ್ಲದೆ. ತಾರಸಿಯ ಮೇಲೆ ಸಣ್ಣ ಬದು ಕಟ್ಟಿ ನೀರು ನಿಲ್ಲಿಸಬೇಕು. ಕಂಬಗಳ ಮೇಲೆ ನೀರು ನಿಲ್ಲದು, ಗೋಣಿ ಸುತ್ತಿ ನೆನೆಸುತ್ತಲೇ ಇರಬೇಕು. ಕಾಂಕ್ರೀಟ್ ಕಲಸುವಾಗ ಮಾತ್ರ ಇದಕ್ಕೆ ತದ್ವಿರುದ್ಧ: ಸಲೀಸಾಗಿ ಹರಿಯಲೆಂದು ಹೆಚ್ಚು ನೀರು ಹೊಯ್ದರೆ ಬಲ ಕುಗ್ಗುತ್ತದೆ. ಅವರ ಎಂಜಿನಿಯರ್ ಕೊಟ್ಟ ಲೆಕ್ಕ 50 ಕಿಲೋ ಚೀಲಕ್ಕೆ 25 ಲೀಟರ್, ಮರಳಿನ ತೇವವೂ ಸೇರಿ. ನೀರು ಹೆಚ್ಚಾದರೆ ಅಥವಾ ಕ್ಯೂರಿಂಗ್ ತಪ್ಪಿದರೆ ಕೆಲಸ ನಿಲ್ಲಿಸುವ ಅಧಿಕಾರ ಮಾವನದು, ಮಗನನ್ನೂ ಕೇಳಬೇಕಿಲ್ಲ ಎಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದು ಮೂವರೂ ಸಹಿ ಹಾಕಿದರು. ಗೋಡೆ ಜರುಗಿಸುವ ಅಧಿಕಾರ ಇಲ್ಲ ಎಂಬುದೂ ಅದೇ ಪುಟದಲ್ಲಿದೆ.

ಇನ್ನು ಆ ಗೋಡೆ. ಒಡೆಯಬೇಕೇ ಬೇಡವೇ ಎಂಬುದು ಆಪ್ತಸಲಹೆಗಾರರು ಹೇಳುವ ಮಾತಲ್ಲ. ಮೂರು ವಾರದ ಜಗಳದಲ್ಲಿ ಎಂಜಿನಿಯರನ್ನು ಯಾರೂ ಕೇಳಿರಲಿಲ್ಲ ಎಂಬುದನ್ನಷ್ಟೇ ನೆನಪಿಸಿದೆವು. ಅದು ಕಂಬಗಳ ನಡುವಿನ 4 ಇಂಚು ದಪ್ಪದ ಅಡ್ಡಗೋಡೆ, ಮೇಲೆ ಭಾರವಿಲ್ಲ, ಪ್ಲಾಸ್ಟರ್ ಆಗುವ ಮುಂಚೆ ಒಡೆದು ಕಟ್ಟಲು ಎರಡು ಮೂರು ದಿನ ಸಾಕು ಎಂದರು ಎಂಜಿನಿಯರ್. ಒಡೆಯುವ ದಾರಿ ತೆರೆದದ್ದೇ ತಡ, ಬಿಗಿ ಅರ್ಧ ಸಡಿಲಿತು. ಭಾನುವಾರ ಪತಿ-ಪತ್ನಿ ಇಬ್ಬರೇ ಹೋಗಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಕಟ್ಟೆಗಳನ್ನು ಬರೆದರು. ಫ್ರಿಜ್ಜಿನ ಅಳತೆಗೆ ರಟ್ಟು ಕತ್ತರಿಸಿ ಇಟ್ಟರು, ಬಾಗಿಲಿಗೆ ಇನ್ನೊಂದು ರಟ್ಟು. ಆಕೆ ಎದುರು ಕಟ್ಟೆಯಲ್ಲಿ ನಿಂತರು, ಆತ ಬಾಗಿಲಿನ ರಟ್ಟನ್ನು ತಿರುಗಿಸಿದರು. ರಟ್ಟು ಆಕೆಯ ಬೆನ್ನಿಗೆ ತಾಗಿತು. "ಈಗ ಗೊತ್ತಾಯ್ತು" ಎಂದರಂತೆ ಆತ.

ಆಮೇಲೆ ಆಕೆಯೇ ಒಡೆಯುವುದು ಬೇಡ ಎಂದರು. ಫ್ರಿಜ್ ಊಟದ ಕೋಣೆಯ ಗೋಡೆಗೆ ಹೋಯಿತು, ಅದಕ್ಕೆ ಪಾಯಿಂಟ್ ಪ್ಲಾಸ್ಟರಿಗೆ ಮುಂಚೆಯೇ ಸೇರಿತು. ಒಲೆ, ಸಿಂಕು ಇಲ್ಲದ ಕಡೆಯ ಕಟ್ಟೆಯನ್ನು ಒಂದೂವರೆ ಅಡಿಗೆ ಇಳಿಸಿದ್ದರಿಂದ ನಡುವೆ 3 ಅಡಿ 9 ಇಂಚು ಸಿಕ್ಕಿತು. ಉಗ್ರಾಣ ಮಾವ ಬಯಸಿದಷ್ಟೇ ಉಳಿಯಿತು.

ಒಟ್ಟು ಆರು ಭೇಟಿ, ಮೂರು ತಿಂಗಳ ಮೇಲೆ ಒಂದು ಮರುಭೇಟಿ. ಕೈಸಾಲ ಇನ್ನೂ ತೀರಿರಲಿಲ್ಲ. ಹಣದ ವಿಷಯದಲ್ಲಿ ಆಕೆಗೆ ಮೊದಲಿನ ನಂಬಿಕೆ ಬಂದಿರಲಿಲ್ಲ, ಹಾಳೆಯನ್ನು ಪ್ರತಿ ವಾರ ಆಕೆಯೇ ಬರೆಯುತ್ತಿದ್ದರು, ಆತ ಅದನ್ನು ಒಪ್ಪಿಕೊಂಡಿದ್ದರು. ನಿದ್ದೆ ಸರಿಹೋಗಿತ್ತು. ಮರುಭೇಟಿಗೆ ಸೈಟಿನ ನೋಟ್‌ಬುಕ್ಕನ್ನೂ ತಂದಿದ್ದರು. ಕೊನೆಯ ಪುಟದಲ್ಲಿ ಮಾವನ ಅಕ್ಷರ: "ಮೇಲಿನ ಬಾತ್‌ರೂಮು. ನೀರು ನಿಲ್ಲಿಸಿ 48 ಗಂಟೆ ಆಯ್ತು. ಕೆಳಗೆ ತೇವ ಇಲ್ಲ. ಟೈಲ್ಸ್ ಹಾಕಬಹುದು. ಸೊಸೆಯನ್ನು ಒಂದು ಮಾತು ಕೇಳಿ."