ಗುರಿಗಿಂತ ಮೊದಲು ಗುರಿಯ ಹಿಂದೆ ನೋಡಿ

ಪ್ರಶ್ನೆ: ಮಗಳು ಹುಬ್ಬಳ್ಳಿಯಲ್ಲಿ ಪಿಯುಸಿ ಓದುತ್ತಿದ್ದಾಳೆ. ಎನ್‌ಸಿಸಿಯಲ್ಲಿ ಫೈರಿಂಗ್ ಮಾಡಿದ ಮೇಲೆ ಏರ್ ರೈಫಲ್ ಹುಚ್ಚು ಹಿಡಿದಿದೆ. ನಮ್ಮ ಹೊಲದಲ್ಲೇ ರೇಂಜ್ (ಗುರಿ ಅಭ್ಯಾಸದ ಜಾಗ) ಮಾಡಿಕೊಡಬಹುದಾ? ಹೊಲದ ಆಚೆ ಕಾಲುದಾರಿ ಇದೆ. ಮಾವನವರ ಬೆಳೆ ಕಾಯುವ ಬಂದೂಕನ್ನೂ ಅಲ್ಲೇ ಹಾರಿಸಬಹುದಾ?
– ಒಬ್ಬ ತಾಯಿ, ಶಿಗ್ಗಾಂವಿ ತಾಲ್ಲೂಕು

ಉತ್ತರ: ಮೊದಲು ಬಂದೂಕಿನ ಮಾತು ಮುಗಿಸೋಣ ತಂಗಿ. ಅದು ಬೇಡವೇ ಬೇಡ. ಬೆಳೆ ಕಾಯಲು ಕೊಟ್ಟ ಲೈಸೆನ್ಸ್ ಅಭ್ಯಾಸಕ್ಕಲ್ಲ. ಗುಂಡು ಹಾರಿಸುವ ರೇಂಜ್‌ಗೆ ಬೇರೆಯೇ ಲೈಸೆನ್ಸ್ ಬೇಕು. ಮಗಳು ಎನ್‌ಸಿಸಿಯಲ್ಲಿ ಹಾರಿಸಿದ ಆ ಸಣ್ಣ .22 ಗುಂಡೇ ಒಂದೂವರೆ ಕಿಲೋಮೀಟರ್ ಹೋಗಬಲ್ಲದು. ಅಷ್ಟರೊಳಗೆ ಯಾರದೋ ಹೊಲ, ಯಾರದೋ ಮನೆ ಇದ್ದೇ ಇರುತ್ತದೆ, ಅಲ್ವಾ?

ಏರ್ ರೈಫಲ್‌ಗೆ ದಾರಿ ಇದೆ. 4.5 ಮಿ.ಮೀ. ಪೆಲೆಟ್‌ನದು (ಪೆಲೆಟ್ ಅಂದರೆ ಸೀಸದ ಸಣ್ಣ ಗುಂಡು), ನಳಿಕೆಯಿಂದ ಹೊರಡುವಾಗ ಪೆಲೆಟ್‌ನ ಶಕ್ತಿ 20 ಜೌಲ್ ಮೀರದ್ದು ಆದರೆ ಲೈಸೆನ್ಸ್ ಬೇಕಿಲ್ಲ. ಆದರೂ ಪೆಲೆಟ್ ಕಣ್ಣಿಗೆ ತಾಗಿದರೆ ಕಣ್ಣು ಹೋದಂತೆಯೇ. ಹಾಗಾಗಿ ಬಯಲು ಬಿಡಿ, ಟ್ರ್ಯಾಕ್ಟರ್ ಶೆಡ್ ಖಾಲಿ ಮಾಡಿ. ಅಭಿನವ್ ಬಿಂದ್ರಾ 2008ರಲ್ಲಿ ಒಲಿಂಪಿಕ್ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲೇ. ಅಂದರೆ ಸುಮಾರು 33 ಅಡಿ. ನಿಲ್ಲುವ ಜಾಗ ಸೇರಿ 45 ಅಡಿ ಇದ್ದರೆ ಧಾರಾಳವಾಯಿತು. ಗುರಿಯ ನಡುಬಿಂದು ನೆಲದಿಂದ 1.4 ಮೀಟರ್ ಎತ್ತರಕ್ಕಿರಲಿ.

ದುಡ್ಡು ಖರ್ಚು ಮಾಡುವುದಾದರೆ ಗುರಿಯ ಹಿಂದೆ ಮಾಡಿ. ಬರೀ ಕಲ್ಲಿನ ಗೋಡೆಗೆ ಬಡಿದ ಪೆಲೆಟ್ ವಾಪಸ್ ಚಿಮ್ಮುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ದಪ್ಪ ತಗಡಿನ ಪೆಟ್ಟಿಗೆ ಮಾಡಿಸಿ. ಒಳಗಿನ ತಗಡು ಓರೆಯಾಗಿರಬೇಕು, ಮೇಲಂಚು ಮಗಳ ಕಡೆಗೆ ಬಾಗಿರಬೇಕು. ಆಗ ಪೆಲೆಟ್ ಕೆಳಗಿನ ಮರಳಿಗೆ ಬೀಳುತ್ತದೆ. ಪೆಟ್ಟಿಗೆ ತಪ್ಪಿದ್ದನ್ನು ತಡೆಯಲು ಗೋಡೆಗಿಂತ ಒಂದು ಗೇಣು ಮುಂದೆ ಹಳೆ ಜಮಖಾನ ಎರಡು ಪದರ ಇಳಿಬಿಡಿ. ಗುರಿಯ ಕಡೆ ಬಾಗಿಲು, ಕಿಟಕಿ ಇದ್ದರೆ ಇಟ್ಟಿಗೆ ಇಟ್ಟು ಮುಚ್ಚಿಸಿ. ಚಿಲಕವನ್ನು ನಾನು ನಂಬುವುದಿಲ್ಲ. ಮಕ್ಕಳು ಚೆಂಡು ಹುಡುಕಿಕೊಂಡು ಎಲ್ಲಿಂದಲೋ ನುಗ್ಗುತ್ತಾರೆ.

ನಾನು ಎನ್‌ಸಿಸಿ ಮಕ್ಕಳಿಗೆ ಹೇಳಿಕೊಡುವಾಗ ಕೆಂಪು ಬಾವುಟ ಏರದೆ ಒಂದು ಗುಂಡೂ ಹಾರುತ್ತಿರಲಿಲ್ಲ. ನೀವೂ ಶೆಡ್ ಮುಂದೆ ಕೆಂಪು ಬಟ್ಟೆ ಕಟ್ಟಿ, ಕಳೆ ತೆಗೆಯಲು ಬರುವವರಿಗೆ ಅದರ ಅರ್ಥ ಹೇಳಿ. ಗುರಿಯ ಕಾಗದ ಬದಲಿಸಲು ಹೋಗುವ ಮುಂಚೆ ರೈಫಲ್ ಖಾಲಿ ಮಾಡಿ ಮೇಜಿನ ಮೇಲಿಡಬೇಕು, ನಳಿಕೆ ಗುರಿಯ ಕಡೆಗೇ ಇರಬೇಕು. ಒಳಗಿರುವ ಎಲ್ಲರಿಗೂ ಕನ್ನಡಕ ಬೇಕು. ಪೆಲೆಟ್ ಸೀಸದ್ದು, ಸೋಪು ಹಚ್ಚಿ ಕೈ ತೊಳೆದೇ ರೊಟ್ಟಿ ಮುಟ್ಟಬೇಕು. ಅಭ್ಯಾಸ ಮುಗಿದ ಮೇಲೆ ರೈಫಲ್ ಬೀಗದೊಳಗೆ, ಕೀಲಿ ನಿಮ್ಮ ಹತ್ತಿರ.

ಶೆಡ್‌ನ ಉದ್ದ, ಬಾಗಿಲು ಯಾವ ಕಡೆಗಿದೆ ಅನ್ನುವುದನ್ನು ಬರೆದು ಕಳಿಸಿ. ಪೆಟ್ಟಿಗೆ ಎಲ್ಲಿಡಬೇಕು ಅಂತ ನಕ್ಷೆ ಹಾಕಿಕೊಡುತ್ತೇನೆ.