ತಜ್ಞ ಸಾಕ್ಷಿಯಾಗಿ ಬರುವ ನ್ಯೂರೋಸರ್ಜನ್ ನಮ್ಮ ಪರವಾಗಿ ಹೇಳುತ್ತಾರೆಯೇ?

ಮಲ್ಪೆಯ ಬೋಟಿನಲ್ಲಿ ತಾಂಡೇಲರಾಗಿ, ಅಂದರೆ ಬೋಟು ನಡೆಸುವವರಾಗಿದ್ದ ನಿಮ್ಮ ಭಾವನವರ ಬೈಕಿಗೆ ಕಾರು ಬಡಿದು ತಲೆಗೆ ಪೆಟ್ಟಾಯಿತೆಂದೂ, ಮೊದಲು ಸೇರಿಸಿದ ಆಸ್ಪತ್ರೆಯಲ್ಲಿ ಸ್ಕ್ಯಾನ್ ತಡವಾಯಿತೆಂದೂ, ಮೆದುಳಿನ ಹೊದಿಕೆಯ ಹೊರಗೆ ಹೆಪ್ಪುಗಟ್ಟಿದ್ದ ರಕ್ತವನ್ನು ಆಪರೇಷನ್ ಮಾಡಿ ತೆಗೆದ ಮೇಲೂ ಬಲಗೈ ಸೋತಿದ್ದು ಆಗಾಗ ಫಿಟ್ಸ್ ಬರುತ್ತಿದೆಯೆಂದೂ ಬರೆದಿದ್ದೀರಿ. ವಕೀಲರು ಕೇಳಿರುವ ನ್ಯೂರೋಸರ್ಜನ್ ಅಭಿಪ್ರಾಯ ನಿಮ್ಮ ಪರ ಬರುತ್ತದೆಯೇ ಎಂಬುದು ಪ್ರಶ್ನೆ. ಮಂಗಳೂರಿನಲ್ಲಿ ಇದೇ ವೃತ್ತಿಯಲ್ಲಿದ್ದು ಕೆಲವು ಬಾರಿ ಕಟಕಟೆ ಹತ್ತಿದವನಾಗಿ ಹೇಳುತ್ತೇನೆ: ಫೀಸು ಯಾರೇ ಕೊಡಲಿ, ತಜ್ಞನು ಉತ್ತರ ಹೇಳಬೇಕಾದದ್ದು ನ್ಯಾಯಪೀಠಕ್ಕೆ.

ಇಂಥ ಕಡತ ಬಂದಾಗ ನಾನು ಮೊದಲು ತೆರೆಯುವುದು ನರ್ಸ್‌ಗಳು ಗಂಟೆಗೊಮ್ಮೆ ಬರೆದಿಟ್ಟ ಚಾರ್ಟನ್ನು. ಡಿಸ್ಚಾರ್ಜ್ ಸಮ್ಮರಿ ಆಮೇಲಿನ ಮಾತು, ಏಕೆಂದರೆ ಅದನ್ನು ಬರೆಯುವ ಹೊತ್ತಿಗೆ ಎಲ್ಲರಿಗೂ ಕೊನೆ ಗೊತ್ತಿರುತ್ತದೆ. ಪ್ರಜ್ಞೆಗೆ 3ರಿಂದ 15ರವರೆಗೆ ಅಂಕ ಕೊಡುವ ಗ್ಲಾಸ್ಗೋ ಮಾಪನದಲ್ಲಿ ರಾತ್ರಿ 10ಕ್ಕೆ 15 ಇದ್ದದ್ದು 1 ಗಂಟೆಗೆ 13 ಆಗಿ, ಕೆಳಗಿನ ಸಾಲಿನಲ್ಲಿ ಎಡಗಣ್ಣಿನ ಪಾಪೆ ಹಿಗ್ಗಿದೆಯೆಂದು ಬರೆದಿದ್ದರೆ, ಸ್ಕ್ಯಾನ್ ಫಿಲ್ಮಿನ ಮೂಲೆಯಲ್ಲಿ ಅಚ್ಚಾದ ಸಮಯವನ್ನು ಅದರ ಪಕ್ಕಕ್ಕಿಟ್ಟು ನೋಡುತ್ತೇನೆ. ಈ ಬಗೆಯ ರಕ್ತಸ್ರಾವದಲ್ಲಿ ರೋಗಿ ಕೆಲವು ತಾಸು ಚೆನ್ನಾಗಿಯೇ ಮಾತಾಡಿಕೊಂಡಿದ್ದು ಆಮೇಲೆ ಕುಸಿಯುವುದುಂಟು. ಆದ್ದರಿಂದ 'ಮಾತಾಡುತ್ತಿದ್ದರಲ್ಲ' ಎಂಬ ಸಮಜಾಯಿಷಿ ನಿಲ್ಲುವುದಿಲ್ಲ.

ಆದರೆ ತಡವಾಯಿತೆಂದು ತೋರಿಸಿದರಷ್ಟೇ ಸಾಲದು, ಆ ತಡದಿಂದಲೇ ಕೈ ಸೋತಿತೆಂದು ತೋರಿಸಬೇಕು. ಬಿದ್ದ ಕ್ಷಣದಲ್ಲೇ ಮೆದುಳು ಜಜ್ಜಿಹೋಗಿದ್ದರೆ, ಎಷ್ಟು ಬೇಗ ಆಪರೇಷನ್ ಮಾಡಿದ್ದರೂ ಆ ಕೈ ಉಳಿಯುತ್ತಿರಲಿಲ್ಲವೆಂದು ನಾನೇ ಹೇಳಬೇಕಾದೀತು, ಮತ್ತು ನಾನು ಕಂಡಂತೆ ಹೆಚ್ಚಿನ ಕೇಸುಗಳು ಸೋಲುವುದು ಇಲ್ಲಿಯೇ. ಒಮ್ಮೆ ಪಾಟೀಸವಾಲಿನಲ್ಲಿ ಎದುರು ವಕೀಲರು 'ಡಾಕ್ಟ್ರೇ, ಆ ರಾತ್ರಿ ನೀವು ಅಲ್ಲಿದ್ದಿರಾ?' ಎಂದು ಕೇಳಿದರು. ಇರಲಿಲ್ಲ ಎಂದೆ, ಅದಕ್ಕಾಗಿಯೇ ಚಾರ್ಟಿನಲ್ಲಿ ಇಲ್ಲದ ಒಂದು ಮಾತನ್ನೂ ವರದಿಯಲ್ಲಿ ಸೇರಿಸಿರಲಿಲ್ಲ.

ನಿರ್ಲಕ್ಷ್ಯವನ್ನು ಅಳೆಯುವ ಅಳತೆಗೋಲು ಅತಿ ನಿಪುಣ ವೈದ್ಯನದಲ್ಲ, ಅದೇ ಪರಿಸ್ಥಿತಿಯಲ್ಲಿ ಸಾಮಾನ್ಯ ಅರ್ಹ ವೈದ್ಯನು ತೋರಿಸುತ್ತಿದ್ದ ಎಚ್ಚರದ್ದು ಎಂಬುದು ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು. ಎಲ್ಲ ನಿರ್ಲಕ್ಷ್ಯ ಪ್ರಕರಣಗಳಿಗೂ ತಜ್ಞರು ಬೇಕಿಲ್ಲವೆಂದು 2010ರ ವಿ. ಕಿಶನ್ ರಾವ್ ತೀರ್ಪು ಹೇಳುತ್ತದಾದರೂ, ತಲೆಯ ಗಾಯದಲ್ಲಿ ಅವರಿಲ್ಲದೆ ಮುಂದುವರಿಯುವುದು ನನಗೆ ಸರಿಕಾಣುವುದಿಲ್ಲ.

ಕಾರಿನ ವಿಮೆಯ ಮೇಲಿನ ಮೋಟಾರು ಅಪಘಾತ ಕ್ಲೇಮು ಬೇರೆಯೇ ಲೆಕ್ಕ. ಅಲ್ಲಿ ವೈದ್ಯರು ಹೇಳುವ ಅಂಗವೈಕಲ್ಯದ ಶೇಕಡಾವಾರು ಬೇರೆ, ಗಳಿಕೆಯ ಸಾಮರ್ಥ್ಯದ ನಷ್ಟ ಬೇರೆ ಎಂದು ರಾಜ್ ಕುಮಾರ್ ಪ್ರಕರಣದಲ್ಲಿ 2010ರಲ್ಲೇ ತೀರ್ಮಾನವಾಗಿದೆ. ಕಾಗದದಲ್ಲಿ ಶೇ. 30 ಎಂದಿದ್ದರೂ, ಫಿಟ್ಸ್ ಬರುವವರನ್ನು ನಡುಗಡಲಲ್ಲಿ ಬೋಟಿನ ಸ್ಟಿಯರಿಂಗ್ ಹಿಡಿಯಲು ಯಾರೂ ಬಿಡುವುದಿಲ್ಲ. ಆದ್ದರಿಂದ ಅವರ ಕೆಲಸದ ಸ್ವರೂಪವನ್ನು ತಜ್ಞರಿಗೆ ಬಿಡಿಸಿ ಹೇಳಿ.

ಸದ್ಯಕ್ಕೆ ಕೇಸ್ ಶೀಟಿನ ಪೂರ್ಣ ಪ್ರತಿಯನ್ನು ಲಿಖಿತವಾಗಿ ಕೇಳಿರಿ; ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಂತೆ 72 ಗಂಟೆಯೊಳಗೆ ಕೊಡಬೇಕು. ಗ್ರಾಹಕ ಆಯೋಗದ ದೂರಿಗೆ 2 ವರ್ಷದ ಗಡುವಿದೆ. ಫಿಲ್ಮಿನ ಜೊತೆ ಸ್ಕ್ಯಾನಿನ ಸಿ.ಡಿ.ಯನ್ನೂ ಕೇಳಲು ಮರೆಯಬೇಡಿ, ಫಿಲ್ಮಿನಲ್ಲಿ ಎಲ್ಲ ಚಿತ್ರಗಳೂ ಇರುವುದಿಲ್ಲ.